ತುಮಕೂರು ಮಹಾನಗರ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ: ಮೊದಲು ಮೀಟರ್ ಓದಿಸಿ, ದರದ ಮಾತು ಆಮೇಲೆ

ಮಾನ್ಯ ಆಯುಕ್ತರೇ,

ನಗರಕ್ಕೆ ಕುಡಿಯುವ ನೀರು ಕೊಡುವ ಬುಗುಡನಹಳ್ಳಿ ಕೆರೆಗೆ ಹೇಮಾವತಿ ಹರಿಯುವುದು ನಾಲೆಗೆ ನೀರು ಬಿಟ್ಟ ತಿಂಗಳುಗಳಲ್ಲಿ ಮಾತ್ರ. ಗೊರೂರಿನ ಜಲಾಶಯದಿಂದ ಅಷ್ಟು ದೂರ ಬಂದ ನೀರನ್ನು ತುಂಬಿಸಿಕೊಂಡು, ಮತ್ತೆ ನಾಲೆಗೆ ನೀರು ಬರುವವರೆಗೆ ನಗರ ಅದರಲ್ಲೇ ತಿಂಗಳುಗಳನ್ನು ದೂಡಬೇಕು. ಮಳೆ ಕೈಕೊಟ್ಟರೆ ಈ ಲೆಕ್ಕ ಎಷ್ಟು ಬೇಗ ತಲೆಕೆಳಗಾಗುತ್ತದೆ ಎಂಬುದು, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಎಂದು ಘೋಷಣೆಯಾದ 2023ರಲ್ಲೂ ಅದರ ಬೆನ್ನಿಗೇ ಬಂದ 2024ರ ಬೇಸಿಗೆಯಲ್ಲೂ ಎಲ್ಲರಿಗೂ ಗೊತ್ತಾಗಿದೆ.

ಬೇಸಿಗೆ ಬಂದಾಗಲೆಲ್ಲ ಚರ್ಚೆ ಒಂದೇ ದಾರಿ ಹಿಡಿಯುತ್ತದೆ. ಇನ್ನಷ್ಟು ನೀರು ಎಲ್ಲಿಂದ ತರುವುದು? ಕೆರೆ ಹೂಳು, ಹೊಸ ಬೋರ್‌ವೆಲ್, ನಾಲೆ ದುರಸ್ತಿ, ಟ್ಯಾಂಕರ್. ಇವು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಬಂದ ನೀರು ಮನೆಯ ಗೇಟು ದಾಟಿದ ಮೇಲೆ ಏನಾಗುತ್ತದೆ ಎಂಬುದಕ್ಕೂ ನಗರಕ್ಕೆ ಒಂದು ನೀತಿ ಬೇಕು. ‘ನೀರು ಉಳಿಸಿ’ ಎಂಬ ಗೋಡೆಬರಹವನ್ನು ನೀತಿ ಅನ್ನಲಾಗದು.

ನೀರು ಸರಬರಾಜು, ಪ್ಲಂಬಿಂಗ್, ಮೀಟರ್ ಕೆಲಸ ಬಲ್ಲ ಕೆಲವರು ಕೂಡಿ ಈ ಪತ್ರ ಬರೆದಿದ್ದೇವೆ. ಮನೆಬಳಕೆಯ ನೀರಿನ ಬೇಡಿಕೆಯನ್ನು ಇಳಿಸಲು ಬರುತ್ತದೆ, ಅದೂ ಯಾರ ಕೊಡಕ್ಕೂ ಕೈಹಾಕದೆ. ಆದರೆ ಕೆಲಸಗಳ ಸರದಿ ತಪ್ಪಬಾರದು. ಮೊದಲು ಅಳತೆ, ಆಮೇಲೆ ಅಳತೆಯ ಮೇಲೆ ಜನರ ನಂಬಿಕೆ, ಅದರ ನಂತರ ದರ. ಸರದಿ ತಪ್ಪಿಸಿ ದರವನ್ನು ಮುಂದಿಟ್ಟ ಊರುಗಳಲ್ಲಿ ಬೀದಿಗಿಳಿದ ಜನರ ಎದುರು ಆದೇಶವನ್ನೇ ಹಿಂತೆಗೆದುಕೊಳ್ಳಬೇಕಾಗುತ್ತದೆ, ಮೀಟರ್ ಪೆಟ್ಟಿಗೆಯಲ್ಲೇ ತುಕ್ಕು ಹಿಡಿಯುತ್ತದೆ.

ಎಷ್ಟು ನೀರಿನ ಮಾತು ಇದು ಎನ್ನುವುದನ್ನು ಮೊದಲೇ ಹೇಳುತ್ತೇವೆ. 2011ರ ಜನಗಣತಿಯಲ್ಲೇ ನಗರದ ಜನಸಂಖ್ಯೆ ಮೂರು ಲಕ್ಷ ದಾಟಿತ್ತು. ಆ ಹಳೆಯ ಅಂಕಿಯನ್ನೇ ಹಿಡಿದು, ತಲಾ 20 ಲೀಟರ್ ಉಳಿದರೂ ದಿನಕ್ಕೆ 60 ಲಕ್ಷ ಲೀಟರ್. 6,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ದಿನಕ್ಕೆ 1,000 ಟ್ಯಾಂಕರ್. ವರ್ಷಕ್ಕೆ 219 ಕೋಟಿ ಲೀಟರ್, ಅಂದರೆ ಸುಮಾರು 77 ದಶಲಕ್ಷ ಘನ ಅಡಿ. ಇದಕ್ಕೆ ಭೂಸ್ವಾಧೀನ ಬೇಡ, ಪಕ್ಕದ ತಾಲ್ಲೂಕಿನವರ ಜೊತೆ ಜಗಳ ಬೇಡ. ಪಂಪ್ ಮಾಡಿ, ಶುದ್ಧೀಕರಿಸಿ, ಓವರ್‌ಹೆಡ್ ಟ್ಯಾಂಕಿಗೆ ಏರಿಸಿದ ನೀರೇ ಉಳಿಯುವುದರಿಂದ ಅದರ ವಿದ್ಯುತ್ ಖರ್ಚೂ ಉಳಿಯುತ್ತದೆ.

ಈಗ ಮೀಟರಿನ ವಿಷಯ. ಉಳಿದೆಲ್ಲ ಇದರ ಮೇಲೆ ನಿಂತಿರುವುದರಿಂದ ಸ್ವಲ್ಪ ಉದ್ದಕ್ಕೆ ಹೇಳುತ್ತೇವೆ.

ಎಲ್ಲೆಲ್ಲಿ ಮೀಟರ್ ಇಲ್ಲವೋ, ಇದ್ದೂ ಓದುತ್ತಿಲ್ಲವೋ ಅಲ್ಲೆಲ್ಲ ತಿಂಗಳಿಗೆ ಇಷ್ಟು ಎಂಬ ನಿಗದಿತ ದರವೇ ಗತಿ. ಆ ದರದಲ್ಲಿ ಎರಡು ಕೊಡ ಹಿಡಿಯುವವರಿಗೂ, ಪೈಪ್ ಹಿಡಿದು ರಸ್ತೆ ತೊಳೆಯುವವರಿಗೂ ಬಿಲ್ ಒಂದೇ. ಮೀಟರ್ ಹಾಕಿದ ಮಾತ್ರಕ್ಕೆ ಇದು ಸರಿಹೋಗುವುದಿಲ್ಲ. ಮನೆಗಳಿಗೆ ಹಾಕುವ 15 ಮಿ.ಮೀ. ಮೀಟರುಗಳಲ್ಲಿ ‘ಬಿ’ ದರ್ಜೆಯದು ಗಂಟೆಗೆ ಸುಮಾರು 30 ಲೀಟರಿಗಿಂತ ಕಡಿಮೆ ಹರಿವನ್ನು ಖಾತರಿಯಾಗಿ ಅಳೆಯುವುದಿಲ್ಲ. ‘ಸಿ’ ದರ್ಜೆಯದು 15 ಲೀಟರಿನವರೆಗೆ ಇಳಿಯುತ್ತದೆ. ಮನೆಯ ಟ್ಯಾಂಕಿನಲ್ಲಿ ತೇಲುವ ಚೆಂಡಿನ ಬಾಲ್ ವಾಲ್ವ್ ನಿಧಾನವಾಗಿ ಮುಚ್ಚಿಕೊಳ್ಳುವಾಗ, ಕಮೋಡಿನ ಟ್ಯಾಂಕ್ ಸಣ್ಣಗೆ ಸೋರುವಾಗ ಹರಿವು ಈ ಮಿತಿಯ ಕೆಳಗೇ ಇರುತ್ತದೆ. ನಿಮಿಷಕ್ಕೆ ಒಂದು ಲೋಟ, ಅಂದರೆ 200 ಮಿ.ಲೀ. ಸೋರಿದರೆ ಗಂಟೆಗೆ 12 ಲೀಟರ್, ದಿನಕ್ಕೆ 288 ಲೀಟರ್. ಇಪ್ಪತ್ನಾಲ್ಕು ಗಂಟೆ ನೀರು ಕೊಡುವ ಬಡಾವಣೆಯಲ್ಲಿ ಈ 288 ಲೀಟರ್ ‘ಬಿ’ ದರ್ಜೆಯ ಮೀಟರಿನ ಲೆಕ್ಕಕ್ಕೆ ಸರಿಯಾಗಿ ಸಿಗದೆ ಹೋಗಬಹುದು. ಅಂಥ ಕಡೆ ‘ಸಿ’ ದರ್ಜೆಗೆ ಸಮನಾದ ಮೀಟರನ್ನೇ ಟೆಂಡರಿನಲ್ಲಿ ಕೇಳಿ. ಬೆಲೆ ಹೆಚ್ಚು, ಆದರೆ ಕಾಣದ ಸಣ್ಣ ಸೋರಿಕೆ ಅದರ ಲೆಕ್ಕಕ್ಕೆ ಸಿಗುವ ಸಾಧ್ಯತೆ ಹೆಚ್ಚು.

ದಿನ ಬಿಟ್ಟು ದಿನ ನೀರು ಬರುವ ಕಡೆ ತೊಂದರೆ ಬೇರೆ. ಖಾಲಿ ಪೈಪಿನಲ್ಲಿ ಗಾಳಿ ತುಂಬಿರುತ್ತದೆ. ವಾಲ್ವ್ ತೆಗೆದಾಗ ನೀರಿಗಿಂತ ಮೊದಲು ಗಾಳಿ ನುಗ್ಗಿ ಮೀಟರನ್ನು ಗರಗರ ತಿರುಗಿಸುತ್ತದೆ. ‘ನೀರೇ ಬಂದಿಲ್ಲ, ಮೀಟರ್ ಓಡಿದೆ’ ಎಂದು ಜನ ಹೇಳುವುದರಲ್ಲಿ ಹುರುಳಿದೆ, ಅದನ್ನು ನೆಪ ಎಂದು ತಳ್ಳಿಹಾಕಬಾರದು. ವಿತರಣಾ ಪೈಪಿನ ಎತ್ತರದ ಜಾಗಗಳಲ್ಲಿ ಗಾಳಿ ಹೊರಬಿಡುವ ಏರ್ ವಾಲ್ವ್ ಇರಬೇಕು, ಇರುವುದು ಕೆಲಸ ಮಾಡಬೇಕು. ನೀರುಗಂಟಿ ವಾಲ್ವನ್ನು ಒಮ್ಮೆಲೇ ತೆಗೆಯದೆ ನಿಧಾನವಾಗಿ ತೆಗೆಯಬೇಕು. ಇಷ್ಟು ಮಾಡಿದರೆ ದೂರಿನ ಬಹುಪಾಲು ಇಳಿಯುತ್ತದೆ. ಇನ್ನು ಹೂಳು ಮತ್ತು ತುಕ್ಕಿನ ಚೂರು: ಮೀಟರಿನ ಬಾಯಲ್ಲಿರುವ ಜಾಲರಿ ಕಟ್ಟಿಕೊಂಡರೆ ಹರಿವು ಸಣ್ಣದಾಗುತ್ತದೆ. ಆಗ ಮನೆಯವರು ಪ್ಲಂಬರನ್ನು ಕರೆದು ಜಾಲರಿಯನ್ನೇ ಕಿತ್ತೆಸೆಯುತ್ತಾರೆ, ಮುಂದಿನ ಚೂರು ನೇರ ಚಕ್ರಕ್ಕೇ ಸಿಕ್ಕಿಕೊಳ್ಳುತ್ತದೆ. ಪೈಪ್ ಒಡೆದು ರಿಪೇರಿಯಾದ ಪ್ರತಿ ಸಲವೂ ಆ ಬೀದಿಯ ಲೈನನ್ನು ವಾಶ್‌ಔಟ್ ಮಾಡಿದ (ಕೊಳೆ ನೀರು ಹೊರಬಿಟ್ಟು ತೊಳೆದ) ಮೇಲೆಯೇ ಮನೆಗಳಿಗೆ ನೀರು ಬಿಡಬೇಕೆಂದು ಗುತ್ತಿಗೆದಾರರ ಕರಾರಿನಲ್ಲಿ ಬರೆಸಿ.

ಜೋಡಣೆಯೂ ಅಷ್ಟೇ ಮುಖ್ಯ. ಮೀಟರ್ ಮಟ್ಟಸವಾಗಿ, ಮುಖ ಮೇಲಾಗಿ ಕೂರಬೇಕು. ನೀರು ಅದರೊಳಗೆ ಬರುವ ಕಡೆ ಪೈಪಿನ ಅಗಲದ ಹತ್ತರಷ್ಟು, ಹೊರಹೋಗುವ ಕಡೆ ಐದರಷ್ಟು ನೇರ ಪೈಪ್ ಇರಬೇಕು. 15 ಮಿ.ಮೀ. ಪೈಪಿಗೆ ಇದು 150 ಮಿ.ಮೀ. ಮತ್ತು 75 ಮಿ.ಮೀ., ಒಂದು ಗೇಣಿಗಿಂತ ಕಡಿಮೆ ಜಾಗ. ಮೀಟರ್ ಕಾಂಪೌಂಡಿನ ಹೊರಮುಖಕ್ಕೆ ಇರಲಿ. ಗೇಟಿನ ಒಳಗೆ, ಗಿಡದ ಸಂದಿಯಲ್ಲಿ, ಬೈಕ್ ನಿಲ್ಲಿಸುವ ಜಾಗದ ಹಿಂದೆ ಇದ್ದರೆ ಓದುವವರು ಎರಡು ತಿಂಗಳು ಓದುತ್ತಾರೆ, ಮೂರನೆಯ ತಿಂಗಳಿಂದ ಅಂದಾಜು ಬರೆಯುತ್ತಾರೆ. ಅಂದಾಜು ಬಿಲ್ ಒಮ್ಮೆ ಶುರುವಾದರೆ ಇಡೀ ವ್ಯವಸ್ಥೆಯ ಮೇಲಿನ ನಂಬಿಕೆ ಮುರಿಯುತ್ತದೆ.

ಓದುವವರು ಯಾರು ಎಂಬುದಕ್ಕೆ ಒಡಿಶಾದಲ್ಲಿ ಒಳ್ಳೆಯ ಮಾದರಿ ಇದೆ. ಅಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರು ‘ಜಲಸಾಥಿ’ ಹೆಸರಿನಲ್ಲಿ ಮೀಟರ್ ಓದುತ್ತಾರೆ, ಬಿಲ್ ಕೊಡುತ್ತಾರೆ, ಮನೆಬಾಗಿಲಲ್ಲೇ ನೀರಿನ ಗುಣಮಟ್ಟ ಪರೀಕ್ಷಿಸುತ್ತಾರೆ. 2021ರಲ್ಲಿ ಪುರಿ ನಗರ ನಲ್ಲಿಯಿಂದ ನೇರ ಕುಡಿಯಬಹುದಾದ ನೀರನ್ನು ಇಪ್ಪತ್ನಾಲ್ಕು ಗಂಟೆ ಕೊಡಲು ಶುರುಮಾಡಿದಾಗ ಮನೆಮನೆಯ ಕೆಲಸ ಇವರ ಹೆಗಲ ಮೇಲಿತ್ತು. ತುಮಕೂರಿನಲ್ಲೂ ಸ್ವಸಹಾಯ ಸಂಘಗಳಿಗೆ ಕೊರತೆಯಿಲ್ಲ. ಮನೆಯೊಳಗಿನ ನೀರಿನ ವ್ಯವಹಾರ ಬಲ್ಲ ಹೆಂಗಸರು ಬಾಗಿಲಿಗೆ ಬಂದರೆ, ಮನೆಯಲ್ಲಿ ಒಬ್ಬರೇ ಇರುವ ಅಜ್ಜಿಯೂ ‘ಕಮೋಡ್ ಸೋರ್ತಿದೆ ಕಣಮ್ಮ’ ಎಂದು ಹೇಳುತ್ತಾರೆ.

ಮೊದಲ ಆರು ತಿಂಗಳು ಮೀಟರ್ ಓದಿ, ಬಿಲ್ ಹಳೆಯ ದರದಲ್ಲೇ ಕೊಡಿ. ಬಿಲ್ಲಿನ ಮೇಲೆ ಮನೆ ಬಳಸಿದ ಲೀಟರ್, ಅದೇ ಬೀದಿಯ ಸರಾಸರಿ, ಹೊಸ ದರ ಬಂದರೆ ಆಗುವ ಮೊತ್ತ ಮೂರೂ ಇರಲಿ. ಅಮೆರಿಕದ ಜಾರ್ಜಿಯಾ ರಾಜ್ಯದ ಕಾಬ್ ಕೌಂಟಿಯಲ್ಲಿ 2007ರಲ್ಲಿ ನಡೆಸಿದ ಪ್ರಯೋಗದಲ್ಲಿ, ನೆರೆಹೊರೆಯ ಬಳಕೆಯ ಜೊತೆ ಹೋಲಿಸಿ ತೋರಿಸಿದ ಪತ್ರವೊಂದರಿಂದಲೇ ಬಳಕೆ ಸುಮಾರು ಶೇ. 5ರಷ್ಟು ಇಳಿಯಿತು. ಆ ಪರಿಣಾಮ ಬರುಬರುತ್ತ ಕರಗಿತು ಎಂಬುದೂ ಅಲ್ಲೇ ಕಂಡುಬಂತು. ಹಾಗಾಗಿ ಹೋಲಿಕೆ ಪ್ರತಿ ಬಿಲ್ಲಿನಲ್ಲೂ ಇರಬೇಕು, ಒಂದು ಸಲದ ಅಭಿಯಾನ ಆಗಬಾರದು.

ಇನ್ನು ದರ. ದರದ ಅಂಕಿ ಪಾಲಿಕೆ ಮತ್ತು ಸರ್ಕಾರಕ್ಕೆ ಬಿಟ್ಟದ್ದು. ಬಳಕೆ ಹೆಚ್ಚಿದಂತೆ ಏರುವ ದರದ ಮೆಟ್ಟಿಲು ಹೇಗಿರಬೇಕು ಎಂಬುದಷ್ಟೇ ನಮ್ಮ ಮಾತು. ಒಳಚರಂಡಿ ಇರುವ ನಗರಗಳಿಗೆ ಕೇಂದ್ರದ ಮಾನದಂಡ ದಿನಕ್ಕೆ ತಲಾ 135 ಲೀಟರ್. ನಾಲ್ವರ ಮನೆಗೆ ತಿಂಗಳಿಗೆ 16,200 ಲೀಟರ್ ಆಗುತ್ತದೆ. ತಿಂಗಳಿಗೆ 8,000 ಲೀಟರ್, ಅಂದರೆ ತಲಾ 67 ಲೀಟರಿನಷ್ಟು, ಜೀವನಾವಶ್ಯಕ ಎಂದು ಕನಿಷ್ಠ ದರದಲ್ಲಿರಲಿ. 8ರಿಂದ 16 ಸಾವಿರದವರೆಗೆ ಖರ್ಚು ಗಿಟ್ಟುವ ದರ. 16ರಿಂದ 24 ಸಾವಿರಕ್ಕೆ ಅದಕ್ಕಿಂತ ಹೆಚ್ಚು, ಅದರಾಚೆಗೆ ನಿಜಕ್ಕೂ ಕೈ ಬಿಗಿಹಿಡಿಯುವಂಥ ದರ. ಮೇಲಿನ ಮೆಟ್ಟಿಲಿನ ದರ ಆ ಮೆಟ್ಟಿಲಿನ ಲೀಟರಿಗೆ ಮಾತ್ರ ಅನ್ವಯಿಸಬೇಕು. ದೆಹಲಿಯಲ್ಲಿ 2015ರಲ್ಲಿ ತಿಂಗಳಿಗೆ 20,000 ಲೀಟರ್ ಉಚಿತ ಎಂದು ಮಾಡಿ, ಅದನ್ನು ದಾಟಿದರೆ ಪೂರ್ತಿ ಬಳಕೆಗೂ ಬಿಲ್ ಬರುವ ವ್ಯವಸ್ಥೆ ತಂದರು. ಇಂಥ ಕಡಿದಾದ ಅಂಚಿನಲ್ಲಿ, 19,000 ಬಳಸುವವರಿಗೆ ಉಳಿಸುವ ಕಾರಣವೇ ಇರುವುದಿಲ್ಲ. 21,000 ಬಳಸುವವರಿಗೆ ಮೀಟರ್ ಕೆಡಿಸುವ ಆಸೆ ಹುಟ್ಟುತ್ತದೆ.

ಮೆಟ್ಟಿಲು ದರದಲ್ಲಿ ಬಡವರಿಗೇ ಹೊಡೆತ ಬೀಳುವ ಒಂದು ಜಾಗ ಇದೆ, ಇದನ್ನು ದಯವಿಟ್ಟು ಗಮನಿಸಿ. ಮರಳೂರಿನಲ್ಲೋ ಶಾಂತಿನಗರದಲ್ಲೋ ಒಂದೇ ನಲ್ಲಿ ಸಂಪರ್ಕದ ಕಟ್ಟಡದಲ್ಲಿ ನಾಲ್ಕು ಬಾಡಿಗೆ ಮನೆ ಇದ್ದರೆ, ನಾಲ್ಕು ಸಂಸಾರದ ನೀರು ಒಂದೇ ಮೀಟರಿನಲ್ಲಿ ಬರುತ್ತದೆ. ಒಂದೊಂದು ಮನೆಯೂ ಮಿತವಾಗಿ 8,000 ಲೀಟರ್ ಬಳಸಿದರೂ ಮೀಟರ್ 32,000 ತೋರಿಸುತ್ತದೆ, ಬಿಲ್ ಮೇಲಿನ ಮೆಟ್ಟಿಲಿಗೆ ಏರುತ್ತದೆ. ಇಬ್ಬರೇ ಇರುವ ದೊಡ್ಡ ಬಂಗಲೆ 15,000 ಬಳಸಿ ಕಡಿಮೆ ದರದಲ್ಲೇ ಉಳಿಯುತ್ತದೆ. ಪರಿಹಾರ ಕೈಯಳತೆಯಲ್ಲೇ ಇದೆ. ಬಾಡಿಗೆ ಮನೆಗಳಿಗೆ ಬೆಸ್ಕಾಂನ ವಿದ್ಯುತ್ ಮೀಟರ್ ಬೇರೆಬೇರೆ ಇರುವುದೇ ಹೆಚ್ಚು. ಒಂದು ನೀರಿನ ಸಂಪರ್ಕದ ಕೆಳಗೆ ಎಷ್ಟು ಗೃಹಬಳಕೆ ಆರ್.ಆರ್. ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ) ಇವೆಯೋ ಅಷ್ಟು ಸಂಸಾರ ಎಂದು ಲೆಕ್ಕ ಹಿಡಿದು, ಪ್ರತಿ ಮೆಟ್ಟಿಲನ್ನೂ ಅಷ್ಟರಿಂದ ಗುಣಿಸಿ. ನಾಲ್ಕು ಆರ್.ಆರ್. ನಂಬರ್ ಇದ್ದರೆ 32,000 ಲೀಟರಿನವರೆಗೆ ಕನಿಷ್ಠ ದರ. ಅಂಗಡಿಯ ಆರ್.ಆರ್. ನಂಬರನ್ನೂ, ಮೋಟಾರ್ ಮತ್ತು ಮೆಟ್ಟಿಲು ದೀಪಕ್ಕಿರುವ ಕಾಮನ್ ಮೀಟರನ್ನೂ ಬಿಡಬೇಕು. ತಿಂಗಳಾನುಗಟ್ಟಲೆ ಯೂನಿಟ್ಟೇ ಓಡದ ನಂಬರುಗಳನ್ನೂ ತೆಗೆಯಬೇಕು, ಇಲ್ಲದಿದ್ದರೆ ಒಂದೇ ಮನೆಗೆ ಎರಡು ವಿದ್ಯುತ್ ಮೀಟರ್ ಹಾಕಿಸಿಕೊಳ್ಳುವ ದಾರಿ ತೆರೆಯುತ್ತದೆ.

ಬಾಡಿಗೆದಾರರ ಇನ್ನೊಂದು ತೊಡಕು: ನೀರು ಬಳಸುವವರು ಅವರು, ಬಿಲ್ ನೋಡುವವರು ಮಾಲೀಕರು. ಕಮೋಡ್ ಸೋರುತ್ತಿದ್ದರೆ ರಿಪೇರಿ ಮಾಡಿಸಬೇಕಾದವರು ಮಾಲೀಕರು, ಸದ್ದು ಕೇಳಿಸುವುದು ಬಾಡಿಗೆದಾರರಿಗೆ. ಪ್ರತಿ ಮನೆಗೂ ಒಳಮೀಟರ್ ಹಾಕಿ ಎಂದು ಹೇಳುವುದು ಸುಲಭ, ಮಾಡುವಾಗ ಎಡವುವುದೂ ಅಲ್ಲೇ. ತಾರಸಿಯ ಟ್ಯಾಂಕಿನಿಂದ ಕೆಳಗಿಳಿಯುವ ಪೈಪಿಗೆ ಸಾಮಾನ್ಯ ಮೀಟರ್ ಹಾಕಿದರೆ, ಮೊದಲೇ ಒತ್ತಡ ಕಡಿಮೆ ಇರುವ ಮೇಲಿನ ಮಹಡಿಯ ನಲ್ಲಿಯಲ್ಲಿ ನೀರು ಇನ್ನೂ ಸಣ್ಣಗಾಗುತ್ತದೆ, ಸಣ್ಣ ಹರಿವನ್ನು ಮೀಟರ್ ಹಿಡಿಯುವುದೂ ಇಲ್ಲ. ಹೊಸ ಕಟ್ಟಡಗಳಲ್ಲಿ ಮನೆಗೊಂದು 500 ಲೀಟರಿನ ಟ್ಯಾಂಕ್ ಇಟ್ಟು, ಅದಕ್ಕೆ ನೀರು ತುಂಬುವ ಪೈಪಿಗೆ ಮೀಟರ್ ಹಾಕಿದರೆ ಅಳತೆ ಸರಿಯಾಗುತ್ತದೆ, ಏಕೆಂದರೆ ಅಲ್ಲಿ ಮೋಟಾರಿನ ಪೂರ್ತಿ ಒತ್ತಡ ಇರುತ್ತದೆ. ಹಳೆಯ ಕಟ್ಟಡಗಳಿಗೆ ಈ ಉಸಾಬರಿ ಬೇಡ. ಅಲ್ಲಿ ಬಾಡಿಗೆದಾರರ ಮೊಬೈಲಿಗೂ ಬಿಲ್ಲಿನ ಸಂದೇಶ ಹೋಗಲಿ, ಸದ್ಯಕ್ಕೆ ಅಷ್ಟು ಸಾಕು.

ಈಗ ಮನೆಯೊಳಗೆ ಬರೋಣ. ನೀರು ಹೆಚ್ಚು ಪೋಲಾಗುವುದು ನಲ್ಲಿಯಲ್ಲಿ ಅಂದುಕೊಳ್ಳುವವರೇ ಹೆಚ್ಚು. ನಮ್ಮ ಊರಿನಂಥ ಊರುಗಳಲ್ಲಿ ಮೊದಲು ನೋಡಬೇಕಾದ್ದು ಸಂಪು ಮತ್ತು ತಾರಸಿ. ಬೆಳಗಿನ ಜಾವ ನೀರು ಬಿಟ್ಟಾಗ ಮನೆಯವರು ಮಲಗಿರುತ್ತಾರೆ. ಸಂಪಿಗೆ ಬಾಲ್ ವಾಲ್ವ್ ಇಲ್ಲದಿದ್ದರೆ ತುಂಬಿ ಚರಂಡಿಗೆ ಹರಿಯುತ್ತದೆ. ಒಳ್ಳೆಯ ಒತ್ತಡದಲ್ಲಿ ಅರ್ಧ ಇಂಚಿನ ಸಂಪರ್ಕ ನಿಮಿಷಕ್ಕೆ 15 ಲೀಟರ್ ಕೊಟ್ಟರೂ ಅರ್ಧ ಗಂಟೆಗೆ 450 ಲೀಟರ್. ಒಂದು ಬಾಲ್ ವಾಲ್ವಿನ ಬೆಲೆ ಕೆಲವು ನೂರು ರೂಪಾಯಿ. ಪ್ಲಾಸ್ಟಿಕ್ ಬಾಲ್ ಹಳತಾಗಿ ಬಿರುಕುಬಿಟ್ಟು ಒಳಗೆ ನೀರು ತುಂಬಿಕೊಂಡರೆ ತೇಲುವುದಿಲ್ಲ, ವಾಲ್ವ್ ಮುಚ್ಚುವುದಿಲ್ಲ. ಕೈಯಲ್ಲಿ ಎತ್ತಿ ಅಲುಗಾಡಿಸಿದರೆ ಒಳಗಿನ ನೀರಿನ ಸದ್ದು ಕೇಳುತ್ತದೆ, ಅಂಥದ್ದನ್ನು ಬದಲಿಸಬೇಕು. ತಾರಸಿಯ ಟ್ಯಾಂಕಿನದೂ ಇದೇ ಕಥೆ: ಮೋಟಾರ್ ಹಾಕಿ ಮರೆತರೆ ನಿಮಿಷಕ್ಕೆ 40–50 ಲೀಟರ್ ಸುರಿಯುತ್ತದೆ. ಆದರೆ ಇಲ್ಲಿ ಬಾಲ್ ವಾಲ್ವ್ ಹಾಕಬಾರದು. ದಾರಿ ಮುಚ್ಚಿದ ಮೇಲೂ ಮೋಟಾರ್ ಓಡುತ್ತಲೇ ಇದ್ದರೆ ಬಿಸಿಯಾಗಿ ಸೀಲ್ ಹೋಗುತ್ತದೆ. ಮೇಲೂ ಕೆಳಗೂ ಸೆನ್ಸಾರ್ ಇರುವ ಆಟೋಮ್ಯಾಟಿಕ್ ಸ್ವಿಚ್ ಬೇಕು, ಸಂಪು ಖಾಲಿಯಾದಾಗಲೂ ಅದು ಮೋಟಾರನ್ನು ನಿಲ್ಲಿಸುತ್ತದೆ.

ಸಂಪೇ ಸೋರುತ್ತಿದೆಯೇ ಎಂದು ನೋಡುವುದೂ ಸುಲಭ. ರಾತ್ರಿ ಒಳಬರುವ ವಾಲ್ವ್ ಮುಚ್ಚಿ, ಮೋಟಾರ್ ಹಾಕದೆ, ನೀರಿನ ಮಟ್ಟಕ್ಕೆ ಗುರುತು ಮಾಡಿ. ಎಂಟು ಗಂಟೆಯಲ್ಲಿ ಒಂದು ಸೆಂಟಿಮೀಟರ್ ಇಳಿದರೆ, 2 ಮೀಟರ್ ಉದ್ದ 2 ಮೀಟರ್ ಅಗಲದ ಸಂಪಿನಲ್ಲಿ 40 ಲೀಟರ್ ಹೋಗಿದೆ. ದಿನಕ್ಕೆ 120 ಲೀಟರ್.

ಕಮೋಡಿನ ಸೋರಿಕೆಗೆ ಅರಿಶಿನ ಸಾಕು. ಫ್ಲಶ್ ಟ್ಯಾಂಕಿನಲ್ಲಿ ಒಂದು ಚಮಚ ಅರಿಶಿನ ಕದಡಿ ಇಪ್ಪತ್ತು ನಿಮಿಷ ಫ್ಲಶ್ ಮಾಡದೆ ಬಿಡಿ. ಕೆಳಗಿನ ನೀರಿಗೆ ಹಳದಿ ಬಂದರೆ ತಳದ ರಬ್ಬರ್ ವಾಷರ್ ಹೋಗಿದೆ. ಹಳೆಯ 10 ಲೀಟರಿನ ಟ್ಯಾಂಕ್ ಇದ್ದರೆ ನೀರು ತುಂಬಿದ ಒಂದು ಲೀಟರ್ ಬಾಟಲಿಯನ್ನು ಒಳಗೆ ನಿಲ್ಲಿಸಬಹುದು. ಇಟ್ಟಿಗೆ ಮಾತ್ರ ಬೇಡ, ಅದು ಕರಗಿ ಉದುರಿದ ಮರಳು ವಾಷರನ್ನೇ ತಿನ್ನುತ್ತದೆ. 6 ಮತ್ತು 3 ಲೀಟರಿನ ಎರಡು ಗುಂಡಿಯ ಟ್ಯಾಂಕಿಗೆ ಬಾಟಲಿಯೂ ಬೇಡ. ನೀರು ಸಾಲದೆ ಎರಡು ಸಲ ಫ್ಲಶ್ ಮಾಡಬೇಕಾಗಿ ಇದ್ದ ಉಳಿತಾಯವೂ ಹೋಗುತ್ತದೆ.

ನಲ್ಲಿಯ ಬಾಯಿಗೆ ಹಾಕಿ, ಗಾಳಿ ಬೆರೆಸಿ ನೀರನ್ನು ಮಿತವಾಗಿ ಬಿಡುವ ಏರಿಯೇಟರ್ ಬಗ್ಗೆ ಒಂದು ಎಚ್ಚರಿಕೆ. ಬೆಂಗಳೂರು ಜಲಮಂಡಳಿ 2024ರ ಮಾರ್ಚಿನಲ್ಲಿ ವಾಣಿಜ್ಯ ಕಟ್ಟಡ, ಅಪಾರ್ಟ್‌ಮೆಂಟ್‌ಗಳಿಗೆ ಏರಿಯೇಟರ್ ಕಡ್ಡಾಯ ಮಾಡಿತು. ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ, ಕೈತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಎಂದೂ ಹೇಳಿತು. ಅದನ್ನೇ ಇಲ್ಲಿ ನಕಲು ಮಾಡಿದರೆ ಕೆಲಸ ಕೆಡುತ್ತದೆ. ಏರಿಯೇಟರ್ ಡಬ್ಬಿಯ ಮೇಲೆ ಬರೆದ ‘ನಿಮಿಷಕ್ಕೆ 3 ಲೀಟರ್’ ಎಂಬ ಅಳತೆ ಸಾಮಾನ್ಯವಾಗಿ 3 ಕೆ.ಜಿ. (ಚದರ ಸೆಂ.ಮೀ.ಗೆ) ಒತ್ತಡದಲ್ಲಿ ಪರೀಕ್ಷಿಸಿದ್ದು. ನಮ್ಮ ಮನೆಗಳಲ್ಲಿ ನಲ್ಲಿಗೆ ಒತ್ತಡ ಬರುವುದು ತಾರಸಿಯ ಟ್ಯಾಂಕಿನ ಎತ್ತರದಿಂದ. 10 ಮೀಟರ್ ಎತ್ತರಕ್ಕೆ ಸುಮಾರು 1 ಕೆ.ಜಿ. ಸಿಗುತ್ತದೆ. ಮೇಲಿನ ಮಹಡಿಯ ನಲ್ಲಿಗೆ ಟ್ಯಾಂಕ್ 2 ಮೀಟರ್ ಮೇಲಿದ್ದರೆ ಸಿಗುವುದು 0.2 ಕೆ.ಜಿ. ಅಷ್ಟರಲ್ಲಿ ಏರಿಯೇಟರಿನಿಂದ ನೀರು ಎಳೆಯಾಗಿ ಇಳಿಯುತ್ತದೆ, ಸಿಟ್ಟಿನಲ್ಲಿ ಮನೆಯವರು ಅದನ್ನು ಕಿತ್ತು ಬಿಸಾಡುತ್ತಾರೆ. ಆದ್ದರಿಂದ ಮೊದಲು ಬಕೆಟ್ ಪರೀಕ್ಷೆ. ನಲ್ಲಿ ಪೂರ್ತಿ ತಿರುಗಿಸಿ 10 ಲೀಟರ್ ಬಕೆಟ್ ತುಂಬಲು ಹಿಡಿಯುವ ಹೊತ್ತು ನೋಡಿ. ಒಂದು ನಿಮಿಷದೊಳಗೆ ತುಂಬಿದರೆ ಏರಿಯೇಟರ್ ಹಾಕಿ. ಒಂದೂಮುಕ್ಕಾಲು ನಿಮಿಷ ಹಿಡಿದರೆ ಬೇಡವೇ ಬೇಡ. ಬಕೆಟ್ ಹಿಡಿಯುವ ಬಚ್ಚಲಿನ ನಲ್ಲಿಗೆ ಎಂದೂ ಬೇಡ, ಬಕೆಟಿನ ಅಳತೆ ಬದಲಾಗುವುದಿಲ್ಲ, ಕಾಯುವ ಹೊತ್ತು ಮಾತ್ರ ಹೆಚ್ಚುತ್ತದೆ. ಪಾಲಿಕೆ ಸಗಟಾಗಿ ಕೊಳ್ಳುವುದಾದರೆ ಅರ್ಧ ಕೆ.ಜಿ. ಒತ್ತಡದಲ್ಲಿ ಪರೀಕ್ಷೆ ಪಾಸಾದ ಸರಕನ್ನೇ ಕೇಳಬೇಕು. ನೀರುಳಿಸುವ ನಲ್ಲಿ, ಕಮೋಡುಗಳಿಗೆ ಭಾರತೀಯ ಮಾನಕ ಐಎಸ್ 17650 ಇದೆ, ಹೊಸ ಕಟ್ಟಡಗಳಿಗೆ ಅದನ್ನು ಕಟ್ಟಡ ಪರವಾನಗಿಯಲ್ಲೇ ಸೇರಿಸಬಹುದು.

ಆರ್‌ಒ ಯಂತ್ರಗಳಿಗೆ ಬರುತ್ತೇವೆ. ಒಂದು ಲೀಟರ್ ಕುಡಿಯುವ ನೀರಿಗೆ ಎರಡು ಮೂರು ಲೀಟರ್ ಮೋರಿಗೆ ಹೋಗುತ್ತದೆ. ಪಾವಗಡದಂಥ ಕಡೆ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವಲ್ಲಿ ಆರ್‌ಒ ಬೇಕೇಬೇಕು. ಶುದ್ಧೀಕರಣ ಘಟಕದಿಂದ ಬರುವ ಹೇಮಾವತಿ ನೀರಿಗೆ ಅದರ ಅಗತ್ಯವಿಲ್ಲ, ಯುವಿ ಸೋಸುಕ ಇದ್ದರೆ ಅಥವಾ ಕಾಯಿಸಿ ಕುಡಿದರೆ ಸಾಕು. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) ಲೀಟರಿಗೆ 500 ಮಿ.ಗ್ರಾಂ.ಗಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆ ನಿಲ್ಲಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ನಿರ್ದೇಶನ ಕೊಟ್ಟಿತ್ತು. ಜನ ಆರ್‌ಒ ಕೊಳ್ಳುವುದು ನಲ್ಲಿ ನೀರಿನ ಮೇಲೆ ಭರವಸೆ ಇಲ್ಲದ್ದರಿಂದ. ಆ ವಾರ ಆ ಬಡಾವಣೆಯ ನೀರಿನ ಟಿಡಿಎಸ್ ಎಷ್ಟು, ಕ್ಲೋರಿನ್ ಎಷ್ಟು ಎಂದು ಬಿಲ್ಲಿನ ಹಿಂಬದಿ ಮುದ್ರಿಸಿದರೆ ಯಂತ್ರ ಮಾರುವವರ ಬಾಯಿಮಾತಿಗೆ ಎದುರಾಗಿ ಒಂದು ಅಂಕಿಯಾದರೂ ಇರುತ್ತದೆ.

ಸೋಲಾರ್ ಬಿಸಿನೀರೂ ಲೆಕ್ಕಕ್ಕೆ ಬರಬೇಕು. ತಾರಸಿಯಿಂದ ಬಚ್ಚಲವರೆಗಿನ ಪೈಪಿನಲ್ಲಿ ರಾತ್ರಿಯಿಡೀ ನಿಂತ ತಣ್ಣೀರು ಹೋದ ಮೇಲೆಯೇ ಬಿಸಿನೀರು ಬರುವುದು. ಮುಕ್ಕಾಲು ಇಂಚಿನ ಪೈಪ್ ಒಂದು ಮೀಟರ್ ಉದ್ದಕ್ಕೆ ಸುಮಾರು 0.3 ಲೀಟರ್ ಹಿಡಿಯುತ್ತದೆ, 20 ಮೀಟರ್ ಉದ್ದಕ್ಕೆ 6 ಲೀಟರ್. ಪೈಪೂ ಬಿಸಿಯಾಗಬೇಕಾದ್ದರಿಂದ ನಿಜದಲ್ಲಿ ಇನ್ನೂ ಹೆಚ್ಚು. ಒಬ್ಬರಾದ ಮೇಲೊಬ್ಬರು ಬೆನ್ನುಬೆನ್ನಿಗೆ ಸ್ನಾನ ಮಾಡಿದರೆ ಒಂದೇ ಸಲ ಹೋಗುತ್ತದೆ, ಹೊತ್ತು ಬಿಟ್ಟು ಮಾಡಿದರೆ ಪ್ರತಿ ಸಲವೂ. ಹೊಸ ಮನೆಗೆ ಬಿಸಿನೀರಿನ ಪೈಪ್ ಅರ್ಧ ಇಂಚಿನದೇ ಇರಲಿ, ಹತ್ತಿರದ ದಾರಿಯಲ್ಲಿ ಬರಲಿ, ಶಾಖ ತಡೆಯುವ ಹೊದಿಕೆ ಇರಲಿ. ಹಳೆಯ ಮನೆಯಲ್ಲಿ ಆ ತಣ್ಣೀರಿಗೆ ಬಕೆಟ್ ಹಿಡಿದರೆ ಆಯಿತು.

ಇಷ್ಟೆಲ್ಲ ಮನೆಯವರು ಮಾಡಬೇಕಾದರೆ ಪಾಲಿಕೆಯೂ ಒಂದು ಮಾತು ಕೊಡಬೇಕು: ಹೇಳಿದ ದಿನ, ಹೇಳಿದ ಹೊತ್ತಿಗೆ ನೀರು. ನೀರು ಯಾವಾಗ ಬರುತ್ತದೋ ಗೊತ್ತಿಲ್ಲದ ಮನೆ ಕೈಗೆ ಸಿಕ್ಕ ಪಾತ್ರೆಯನ್ನೆಲ್ಲ ತುಂಬಿಸಿಡುತ್ತದೆ. ಹೊಸ ನೀರು ಬಂದಾಗ ಹಳೆಯದನ್ನು ಚೆಲ್ಲುತ್ತದೆ. ಲೈನಿಗೆ ನೇರ ಮೋಟಾರ್ ಹಾಕಿ ಎಳೆಯುತ್ತದೆ. ಹಾಗೆ ಎಳೆದಾಗ ಪೈಪಿನೊಳಗೆ ಒತ್ತಡ ಸೊನ್ನೆಗಿಂತ ಕೆಳಗಿಳಿದು, ಬಿರುಕಿನಿಂದ ಮೋರಿ ನೀರು ಒಳಸೇರುತ್ತದೆ. ಬೀದಿ ಕೊನೆಯ ಮನೆಗೆ ಏನೂ ಉಳಿಯುವುದಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ 2008ರ ಹೊತ್ತಿಗೇ ಇಪ್ಪತ್ನಾಲ್ಕು ಗಂಟೆ ನೀರು, ಮೀಟರ್ ಎರಡೂ ಒಟ್ಟಿಗೆ ಬಂದವು. ಎರಡೂ ಒಟ್ಟಿಗೆ ಬಂದದ್ದೇ ಅಲ್ಲಿ ಗಮನಿಸಬೇಕಾದ್ದು. ಮೀಟರ್ ಇಲ್ಲದ ನಿರಂತರ ನೀರು ಕೆರೆಯನ್ನು ಬೇಗ ಬರಿದುಮಾಡುತ್ತದೆ. ನಿರಂತರತೆ ಇಲ್ಲದ ಮೀಟರ್ ಜನರಿಗೆ ದಂಡದಂತೆ ಕಾಣುತ್ತದೆ. ಎಲ್ಲ ಕಡೆ ಇಪ್ಪತ್ನಾಲ್ಕು ಗಂಟೆ ಆಗುವವರೆಗೆ ವಾರದ ವೇಳಾಪಟ್ಟಿಯನ್ನಾದರೂ ವಾರ್ಡುವಾರು ಪ್ರಕಟಿಸಿ, ನೀರು ತಪ್ಪುವುದಾದರೆ ಹಿಂದಿನ ಸಂಜೆಯೇ ಸಂದೇಶ ಕಳಿಸಿ.

ಜೊತೆಗೆ ಬುಗುಡನಹಳ್ಳಿಯ ನೀರಿನ ಮಟ್ಟ ಮತ್ತು ಉಳಿದ ದಿನಗಳ ಲೆಕ್ಕವನ್ನು ಪ್ರತಿ ಸೋಮವಾರ ಪ್ರಕಟಿಸಬೇಕು. 2018ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ನಗರ ಫೆಬ್ರವರಿಯಿಂದ ತಲಾ ದಿನಕ್ಕೆ 50 ಲೀಟರಿನ ಮಿತಿ ಹಾಕಿತು. ಜಲಾಶಯಗಳ ಮಟ್ಟವನ್ನು ವಾರವಾರವೂ ಜನರ ಮುಂದಿಟ್ಟಿತು, ಮಿತಿಮೀರಿ ಬಳಸುವ ಮನೆಗಳಿಗೆ ಹರಿವು ತಡೆಯುವ ಸಾಧನ ಹಾಕಿತು, ಪೈಪುಗಳ ಒತ್ತಡ ಇಳಿಸಿತು. ಮೂರು ವರ್ಷದ ಹಿಂದಿನ ಬಳಕೆಗೆ ಹೋಲಿಸಿದರೆ ನಗರದ ಬಳಕೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಅಂಥ ಸ್ಥಿತಿ ನಮಗೆ ಬರಬಾರದು. ಆದರೆ ಕೆರೆಯಲ್ಲಿ ಎಷ್ಟಿದೆ ಎಂಬುದು ತಿಳಿದರೆ ಜನ ಜವಾಬ್ದಾರಿಯಿಂದ ನಡೆದುಕೊಳ್ಳುತ್ತಾರೆ ಎಂಬುದಕ್ಕೆ ಅದೇ ಸಾಕ್ಷಿ.

ಖಾಸಗಿ ಬೋರ್‌ವೆಲ್ ಬಿಟ್ಟರೆ ಈ ನೀತಿ ತೂತು ಕೊಡವಾಗುತ್ತದೆ. ದರ ಏರಿದ ಕೂಡಲೇ ಅನುಕೂಲವಂತರು ಬೋರ್ ಕೊರೆಸುತ್ತಾರೆ, ಬೇಡಿಕೆ ಇಳಿದಂತೆ ಕಾಗದದಲ್ಲಿ ಕಾಣುತ್ತದೆ, ನೆಲದಡಿ ಏರುತ್ತದೆ. ಅಂತರ್ಜಲ ನಿಯಂತ್ರಣಕ್ಕೆ ರಾಜ್ಯದಲ್ಲಿ 2011ರ ಕಾಯ್ದೆಯೇ ಇದೆ. ಪಾಲಿಕೆಯ ಕೈಯಲ್ಲಿರುವ ದಾರಿ ಒಳಚರಂಡಿ ಶುಲ್ಕ. ಬೋರ್‌ವೆಲ್ ಇರುವ ಅಪಾರ್ಟ್‌ಮೆಂಟ್, ಹಾಸ್ಟೆಲ್, ಕಲ್ಯಾಣಮಂಟಪಗಳ ಬೋರ್ ಪೈಪಿಗೂ ಮೀಟರ್ ಹಾಕಿಸಿ, ಒಟ್ಟು ಬಳಕೆಯ ಮೇಲೆ ಯುಜಿಡಿ (ಒಳಚರಂಡಿ) ಶುಲ್ಕ ಹಾಕಬಹುದು. ಯಾವ ನೀರಾದರೂ ಕೊನೆಗೆ ಹೋಗುವುದು ಅದೇ ಯುಜಿಡಿಗೆ ತಾನೆ.

ಮಳೆನೀರಿಗೆ ಹೆಚ್ಚು ಹೇಳಬೇಕಿಲ್ಲ. ಮೂವತ್ತು ನಲವತ್ತರ ಸೈಟಿನಲ್ಲಿ 80 ಚದರ ಮೀಟರ್ ತಾರಸಿ, ವರ್ಷಕ್ಕೆ 600 ಮಿ.ಮೀ. ಮಳೆ, ಅದರಲ್ಲಿ ಶೇ. 80 ಕೈಗೆ ಸಿಕ್ಕರೆ 38,000 ಲೀಟರ್. ಮೊದಲ ಮಳೆಯ 80ರಿಂದ 160 ಲೀಟರ್ ಧೂಳು, ಹಕ್ಕಿಹಿಕ್ಕೆ ತೊಳೆದು ಬರುವುದರಿಂದ ಹೊರಬಿಡಬೇಕು. ಮಳೆನೀರು ಸಂಗ್ರಹದ ಪರಿಶೀಲನೆಯ ದಿನ ಪೈಪ್ ತೋರಿಸಿ ಆಮೇಲೆ ಮುಚ್ಚಳ ಹಾಕುವವರನ್ನು ಹಿಡಿಯಲು, ಮೀಟರ್ ಓದುವವರೇ ಮಳೆಗಾಲದಲ್ಲಿ ಒಮ್ಮೆ ನೋಡಿ ಬರೆದುಕೊಂಡರೆ ಸಾಕು.

ಆರಂಭಕ್ಕೆ 35 ವಾರ್ಡೂ ಬೇಡ. ಒಂದೇ ಓವರ್‌ಹೆಡ್ ಟ್ಯಾಂಕಿನಿಂದ ನೀರು ಪಡೆಯುವ, ಬಾಡಿಗೆ ಮನೆಗಳೂ ಸ್ವಂತ ಮನೆಗಳೂ ಬೆರೆತಿರುವ ಒಂದು ಬಡಾವಣೆಯನ್ನು ಆರಿಸಿ. ಟ್ಯಾಂಕಿನಿಂದ ಹೊರಡುವ ಪೈಪಿಗೆ ದೊಡ್ಡ ಮೀಟರ್ ಹಾಕಿ, ಅದರ ಅಂಕಿಯನ್ನೂ ಮನೆ ಮೀಟರುಗಳ ಮೊತ್ತವನ್ನೂ ಪ್ರತಿ ತಿಂಗಳು ಹೋಲಿಸಿ. ವ್ಯತ್ಯಾಸದಲ್ಲಿ ಬೀದಿಯಲ್ಲಿ ಸೋರಿದ್ದು, ಅಕ್ರಮ ಸಂಪರ್ಕಕ್ಕೆ ಹೋದದ್ದು, ಮೀಟರ್ ತಪ್ಪಿದ್ದು ಎಲ್ಲ ಇರುತ್ತದೆ. ಆ ವ್ಯತ್ಯಾಸವನ್ನು ಪಾಲಿಕೆ ಮೊದಲು ಇಳಿಸಿ ತೋರಿಸಲಿ, ದರದ ಆದೇಶ ಆಮೇಲೆ ಹೊರಡಲಿ. ಬರುವ ಆಯವ್ಯಯದಲ್ಲಿ ಇದಕ್ಕೊಂದು ಪ್ರತ್ಯೇಕ ಲೆಕ್ಕಶೀರ್ಷಿಕೆ ತೆರೆದು, ಮೀಟರ್, ಏರ್ ವಾಲ್ವ್, ಬಾಲ್ ವಾಲ್ವ್ ಸಹಾಯಧನ, ಓದುವವರ ಗೌರವಧನ ನಾಲ್ಕಕ್ಕೂ ಹಣ ಇಡಬೇಕೆಂದು ಕೋರುತ್ತೇವೆ. ಬಡಾವಣೆಯ ಆಯ್ಕೆ, ಟೆಂಡರಿನ ತಾಂತ್ರಿಕ ಷರತ್ತು, ಓದುವವರ ತರಬೇತಿ ಈ ಮೂರರಲ್ಲಿ ಯಾವ ಸಭೆಗೆ ಕರೆದರೂ ಸಂಭಾವನೆಯಿಲ್ಲದೆ ಬಂದು ಕೂರಲು ನಾವು ಸಿದ್ಧ.

ಇಂತಿ,
ನೀರಿನ ಕೆಲಸ ಬಲ್ಲ ತುಮಕೂರಿನ ಕೆಲವು ನಾಗರಿಕರು